ಅವ್ವನ ಪಕ್ಕದ ಹಲ್ಲು

ಸತ್ತವರ ದನಿಯನ್ನು ಹಲ್ಲಿನಲ್ಲಿ ತುಂಬಿಸಿಕೊಳ್ಳುವುದು ಊರಿಗೆಲ್ಲ ಮಾಮೂಲಾಗಿತ್ತು. ಹಲ್ಲು ಕಚ್ಚಿದರೆ ದನಿ ಕೇಳಿಸುತ್ತಿತ್ತು. ನಾಗವೇಣಿ ಅವ್ವನ ದನಿಯನ್ನು ಇಟ್ಟುಕೊಂಡದ್ದು ಅರ್ಧವಷ್ಟೇ ಹೊರಬಂದು ಓರೆಯಾಗಿ ಸಿಕ್ಕಿಕೊಂಡಿದ್ದ ಬುದ್ಧಿಹಲ್ಲಿನಲ್ಲಿ, ಗಂಡನದನ್ನು ಅದರ ಪಕ್ಕದ ದವಡೆಹಲ್ಲಿನಲ್ಲಿ.

“ಆ ಓರೆ ಹಲ್ಲು ಕೀಳಿಸಿ ಅಂತ ಹೋದ ವರ್ಷವೇ ಹೇಳಿದ್ನಲ್ಲಮ್ಮ. ಸಂದಿಯಲ್ಲಿ ಅನ್ನ ಸೇರಿ ಸೇರಿ ಪಕ್ಕದ್ದು ಪೂರ್ತಿ ಹುಳುಕಾಗಿದೆ,” ಎಂದರು ಹಲ್ಲಿನ ಡಾಕ್ಟರು.

“ಅವ್ವನ್ನ ಹೆಂಗೆ ಕೀಳಿಸ್ಲಿ ಸಾರ್?”

“ಈಗ ಯಜಮಾನರನ್ನೇ ಕೀಳಬೇಕಲ್ಲ. ಕಡೇ ಸಲ ಕಚ್ಚಿ ಕೇಳಿಸ್ಕೊಂಡುಬಿಡಿ.”

ನಾಗವೇಣಿ ಮೆಲ್ಲಗೆ ಕಚ್ಚಿದಳು. ನೋವು ಬಂತೇ ಹೊರತು ಗಂಡನ “ವೇಣೀ” ಬರಲಿಲ್ಲ. ಕಣ್ಣೀರು ಸುರಿಯುತ್ತಿದ್ದರೂ ಇನ್ನಷ್ಟು ಬಿಗಿಯಾಗಿ ಕಚ್ಚಿದಳು. ಗಟ್ಟಿಮುಟ್ಟಾಗಿದ್ದ ಓರೆ ಹಲ್ಲಿನಿಂದ ಅವ್ವ ಎಂದಿನಂತೆ ಗದರಿದಳು:

“ಹಲ್ಲುಜ್ಜಿದ್ಯೇನೇ?”