ಅರವತ್ತು ಸೀಸೆ

ಮೂರನೆಯ ಸಲವೂ ಯಗೋದಾಳ ಲ್ಯಾಪ್‌ಟಾಪ್ ದೋಂಚೊನ ಮೇಜಿನ ಮೇಲೆ ಸಾಧುವಾಗಿ ಕೂತು, ವೈಫೈಯ ನಾಲ್ಕೂ ಗೆರೆ ತೋರಿಸಿತು. ರಾಜಧಾನಿ ಸ್ಕೋಪ್ಯೆಯ ಆ ವಿದ್ಯಾರ್ಥಿನಿಲಯದಲ್ಲಿ ನಲ್ಲಿ, ಬೀಗ, ಹೀಟರು, ನೆಟ್ಟು ಎಲ್ಲವೂ ಅವನ ಉಸ್ತುವಾರಿ. ಅವಳು ಮೊದಲ ಸಲ ಬಂದಾಗ ಅವನು ವೈಫೈಯ ಸಾಫ್ಟ್‌ವೇರ್ ಕಿತ್ತು ಹೊಸದಾಗಿ ಹಾಕಿದ್ದ. ಎರಡನೆಯ ಸಲ ಕಾರಿಡಾರಿನ ರೂಟರಿನ ಚಾನೆಲ್ ಬದಲಿಸಿದ್ದ.

"ಇದಕ್ಕೆ ಏನೂ ಆಗಿಲ್ಲಮ್ಮ. ಡಾಕ್ಟರ ಮುಂದೆ ಕೂತ ತಕ್ಷಣ ಹಲ್ಲುನೋವು ಹೋಗುತ್ತಲ್ಲ, ಹಾಗೆ ಆಡ್ತಿದೆ."

"ನನ್ನ ರೂಮಲ್ಲಿ ಎರಡು ನಿಮಿಷ ನಿಲ್ಲಲ್ಲ ಮಾಮ. ನಾಲ್ಕು ಗಂಟೆಗೆ ಅಮ್ಮ ವಿಡಿಯೋ ಕಾಲ್ ಮಾಡ್ತಾಳೆ. ಇವತ್ತೂ ಕಡಿದುಹೋದ್ರೆ ನಾಳೆ ಬೆಳಗಿನ ಬಸ್ಸಿಗೆ ಹೊರಟು ಬರ್ತೀನಿ ಅಂದಿದಾಳೆ."

"ಬರಲಿ ಬಿಡು. ಒಂದು ವಾರ ಊಟಕ್ಕೆ ಯೋಚನೆ ಇರಲ್ಲ."

ಯಗೋದಾ ನಗಲಿಲ್ಲ. ಅಕ್ಟೋಬರಿನಲ್ಲಿ ಮೊದಲ ಸಲ ಕರೆ ಕಡಿದಾಗ ಅವಳಿಗೆ ನೆಮ್ಮದಿಯೇ ಆಗಿತ್ತು. ಔಷಧಶಾಸ್ತ್ರದ ಎರಡನೇ ವರ್ಷ ಹೇಗಿದೆ ಎಂದು ಅಮ್ಮ ಆಗಷ್ಟೇ ಕೇಳಿದ್ದಳು. ಎರಡನೇ ವರ್ಷ ಇರಲೇ ಇಲ್ಲ. ಯಾರಿಗೂ ಹೇಳದೆ ಅವಳು ಕೃಷಿ ಕಾಲೇಜಿಗೆ ಸೇರಿ ಮತ್ತೆ ಮೊದಲ ವರ್ಷದಲ್ಲಿ ಕೂತಿದ್ದಳು. ಊರಾದ ಸ್ಟ್ರುಮಿತ್ಸಾದಲ್ಲಿ ಬೆನ್ನು ಬಗ್ಗಿಸಿ ದಪ್ಪ ಮೆಣಸಿನಕಾಯಿ ಬೆಳೆಯುವ ಅಮ್ಮನಿಗೆ ಮಗಳ ಕೈಗೆ ಮಣ್ಣು ಹತ್ತಬಾರದು ಎಂಬುದೊಂದೇ ಆಸೆ. ಮುಂದಿನ ಭಾನುವಾರ ಅಪರೂಪಕ್ಕೆ ನೆಟ್ಟು ಗಟ್ಟಿಯಾಗಿ ನಿಂತಿತ್ತು. ಅಮ್ಮ ಮತ್ತೆ ಅದನ್ನೇ ಕೇಳಿದಾಗ ಯಗೋದಾ ತಾನೇ ಗುಂಡಿ ಒತ್ತಿ ಕಡಿದಿದ್ದಳು. ಆಮೇಲಿನ ಮೂರು ಭಾನುವಾರ ನಿಜವಾಗಿಯೂ ಅದು ತಾನಾಗಿ ಕಡಿಯಿತು. ಅಷ್ಟರಲ್ಲಿ ಅಮ್ಮ ನಂಬುವುದನ್ನು ಬಿಟ್ಟಿದ್ದಳು. ಫೋನು ಮಾಡಿದರೆ, "ಮುಖ ಕಾಣದೆ ನಂಗೆ ಮಾತಾಡಿದ ಹಾಗೇ ಅನ್ಸಲ್ಲ" ಎಂದು ಇಟ್ಟುಬಿಡುತ್ತಿದ್ದಳು.

"ನಡಿ, ರೂಮನ್ನೇ ನೋಡೋಣ" ಎಂದು ದೋಂಚೊ ಮೊಣಕಾಲು ಹಿಡಿದುಕೊಂಡು ಮೂರು ಮಹಡಿ ಹತ್ತಿದ. ತೆರೆದ ಲ್ಯಾಪ್‌ಟಾಪನ್ನು ತಟ್ಟೆಯ ಹಾಗೆ ಅಂಗೈ ಮೇಲಿಟ್ಟುಕೊಂಡು ಕೋಣೆಯಲ್ಲೆಲ್ಲ ಓಡಾಡಿದ. ಬಾಗಿಲ ಬಳಿ ನಾಲ್ಕು ಗೆರೆ. ಕಿಟಕಿಯ ಬಳಿ ಮೂರು. ಅವಳು ಕೂರುವ ಮೇಜಿಗೆ ಬಂದಾಗ ಒಂದು, ಅದೂ ಆರಿಹೋಯಿತು. ಮೇಜಿನ ಪಕ್ಕಕ್ಕೆ, ಕಾರಿಡಾರಿನ ಗೋಡೆಯುದ್ದಕ್ಕೂ, ಕಬ್ಬಿಣದ ಕಪಾಟು ನಿಂತಿತ್ತು. ನೆಲದಿಂದ ತಲೆಯೆತ್ತರದವರೆಗೆ ಸೀಸೆಯೋ ಸೀಸೆ. ಸುಟ್ಟ ಮೆಣಸಿನಕಾಯಿ ಅರೆದ ಆಯ್ವಾರ್, ಉಪ್ಪುನೀರಿನ ಸೌತೆಕಾಯಿ, ಹೂಕೋಸು, ಪಾನಕದಲ್ಲಿ ಮುಳುಗಿದ ಪ್ಲಮ್ ಹಣ್ಣು.

"ಇವು ಯಾವಾಗ ಬಂದಿದ್ದು?"

"ಅಕ್ಟೋಬರ್ ಮೊದಲ ವಾರ. ಚಳಿಗಾಲಕ್ಕೆ ಅಂತ ಅಮ್ಮ ಕಳಿಸಿದ್ದು."

"ಎಷ್ಟಿವೆ?"

"ಅರವತ್ತು."

ದೋಂಚೊ ಲ್ಯಾಪ್‌ಟಾಪನ್ನು ಮೆಲ್ಲಗೆ ಮೇಜಿಗಿಟ್ಟ. "ರೂಟರ್ ಈ ಗೋಡೆಯ ಆ ಕಡೆ ಇದೆ. ನಡುವೆ ಅರವತ್ತು ಸೀಸೆ ನೀರು, ಮೇಲೆ ತಗಡಿನ ಮುಚ್ಚಳ, ಕಬ್ಬಿಣದ ಕಪಾಟು. ನೆಟ್ಟು ಎಲ್ಲಿಂದ ತೂರಿ ಬರಬೇಕು ಪಾಪ. ನಿಮ್ಮಮ್ಮನೇ ನಿಮ್ಮಮ್ಮನಿಗೆ ಅಡ್ಡ ನಿಂತಿದಾಳೆ."

ಇಬ್ಬರೂ ಸೇರಿ ಸೀಸೆಗಳನ್ನು ಮಂಚದ ಕೆಳಗೆ ಸಾಗಿಸಿದರು. ಇಪ್ಪತ್ತಕ್ಕೆ ಎರಡನೆಯ ಗೆರೆ ಬಂತು, ನಲವತ್ತಕ್ಕೆ ಮೂರನೆಯದು. ಕೊನೆಗೆ ಖಾಲಿ ಕಪಾಟನ್ನೂ ಕಿಟಕಿಯ ಕಡೆ ಎಳೆದಾಗ ನಾಲ್ಕೂ ತುಂಬಿದವು. ದೋಂಚೊ ಆಯ್ವಾರಿನ ಒಂದು ಸೀಸೆಯನ್ನು ಕಂಕುಳಿಗೆ ಸೇರಿಸಿ, "ಇದು ಪರೀಕ್ಷೆಗೆ" ಎಂದ. ಅಷ್ಟರಲ್ಲಿ ಕರೆ ಬಂತು.

ಅಮ್ಮನ ಮುಖ ಒಂದು ಸುಕ್ಕೂ ಬಿಡದೆ ಕಂಡಿತು. ಹಿಂದೆ ಒಲೆಯ ಪಕ್ಕದಲ್ಲಿ ಬೆಕ್ಕು. "ಆ ಗಂಡಸು ಯಾರು?"

"ನೆಟ್ಟು ಸರಿ ಮಾಡಿಕೊಟ್ಟ ಮಾಮ."

"ಸರಿಯಾಯ್ತಲ್ಲ? ಹಾಗಾದ್ರೆ ಈಗ ಹೇಳು. ಐದು ವಾರದಿಂದ ಒಂದೇ ಪ್ರಶ್ನೆ ಕೇಳ್ತಿದೀನಿ."

ಯಗೋದಾಳ ಬೆರಳು ಆ ಗುಂಡಿಯವರೆಗೆ ಹೋಗಿ ವಾಪಸು ಬಂತು. ಅವಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ದೋಂಚೊ ಬಾಗಿಲಲ್ಲೇ ನಿಂತುಬಿಟ್ಟ.

ಅಮ್ಮ ಅಲ್ಲಾಡಲಿಲ್ಲ. ಚಿತ್ರ ನಿಂತುಹೋಯಿತೇನೋ ಎಂದು ಯಗೋದಾ ಗೆರೆ ನೋಡಿದಳು. ನಾಲ್ಕು. ಹಿಂದೆ ಬೆಕ್ಕು ಬಾಲ ಆಡಿಸುತ್ತಿತ್ತು.

"ನಿನ್ನನ್ನ ಹೊಲದಿಂದ ಆಚೆ ಹಾಕೋಕೆ ನಂಗೆ ಹತ್ತೊಂಬತ್ತು ವರ್ಷ ಹಿಡೀತು" ಎಂದಳು ಅಮ್ಮ ಕಡೆಗೆ. "ಬಸ್ಸು ಹತ್ತಿ ಅಷ್ಟು ದೂರ ಹೋಗಿ ಮತ್ತೆ ಅದರಲ್ಲೇ ಬಿದ್ಯಲ್ಲೇ."

"ಬೀಳಲಿಲ್ಲಮ್ಮ. ನಾನೇ ಇಳಿದೆ."

ಅಮ್ಮ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು. ಸಿಟ್ಟು ಬಂದಾಗಲೂ ಅವಳು ಹಾಗೆ ಮಾಡುತ್ತಿದ್ದಳು, ಕೆಲಸಕ್ಕೆ ಹೊರಡುವಾಗಲೂ.

"ಸರಿ. ಈ ವರ್ಷ ಕೆಳಗಿನ ಹೊಲದಲ್ಲಿ ಅರ್ಧಕ್ಕರ್ಧ ಮೆಣಸಿನಕಾಯಿ ತಳ ಕಪ್ಪಾಗಿ ಕೊಳೀತು. ಯಾಕೆ, ಹೇಳು ನೋಡೋಣ."

"ಅದು... ಮುಂದಿನ ಸೆಮಿಸ್ಟರಿನ ಪಾಠ."

"ಅಲ್ಲೀವರೆಗೆ ಗಿಡ ಕಾದ್ಕೊಂಡು ಕೂತಿರುತ್ತಾ?" ಅಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಪರದೆಯ ತುಂಬ ಅವಳ ಹಣೆಯೊಂದೇ ಕಾಣತೊಡಗಿತು. "ಪುಸ್ತಕ ತಗೋ. ಪೆನ್ನು ತಗೋ. ನಾನು ಹೇಳ್ತೀನಿ, ಬರ್ಕೋ."