ಕ್ರೇನಿನವಳ ವಂಶ

"ಮೊದಲು ಅವಳನ್ನ ಕೆಳಗಿಳಿಸಿ, ಆಮೇಲೆ ಮಾತಾಡೋಣ" ಎಂದು ಅತ್ತೆ ಸೈಟ್ ಇಂಜಿನಿಯರರ ಮೇಜು ಕುಟ್ಟಿದರು. ಹೆಲ್ಮೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದ ಗೇಟಿನವನ ಹೆಲ್ಮೆಟ್ಟನ್ನೇ ಕಿತ್ತು ತಲೆಗೇರಿಸಿಕೊಂಡು ಬಂದಿದ್ದರು. ಅದು ಹುಬ್ಬಿನವರೆಗೂ ಇಳಿದಿತ್ತು.

ಮೇಲೆ ಕ್ರೇನ್ ನಡೆಸುತ್ತಿದ್ದವಳು ಅತ್ತೆಯ ಅಣ್ಣನ ಮಗಳು. ಎತ್ತಿದ್ದ ಕಬ್ಬಿಣದ ಕಟ್ಟನ್ನು ನೆಲಕ್ಕಿಟ್ಟು, ಏಣಿಯಲ್ಲಿ ಅವಳು ಇಳಿದು ಬರಲು ಕಾಲು ಗಂಟೆ ಹಿಡಿಯಿತು. ಅತ್ತೆಗೆ ಅಷ್ಟು ಹೊತ್ತು ಧಾರಾಳವಾಯಿತು. ಅವಳ ತಾತ, ಅಪ್ಪ, ಹೋದ ವರ್ಷ ಅಣ್ಣ, ಮೂವರದ್ದೂ ಆತ್ಮಹತ್ಯೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟರು. ಊರಿಗೆಲ್ಲ ಹಾರ್ಟ್ ಅಟ್ಯಾಕ್ ಎಂದು ಹೇಳುತ್ತಾ ಬಂದವರೂ ಅವರೇ. ಎಷ್ಟು ಚೆನ್ನಾಗಿ ಹೇಳಿದ್ದರೆಂದರೆ, ಎಣ್ಣೆ ಕಡಿಮೆ ತಿನ್ನಿ ಎಂದು ನೆರೆಯವರು ಇವರಿಗೆ ಬುದ್ಧಿ ಹೇಳುತ್ತಿದ್ದರು.

"ನಮ್ಮ ರಕ್ತದಲ್ಲೇ ಇದೆ ಸಾರ್. ನಿನ್ನೆ ಇವಳ ಚೀಲದಲ್ಲಿ ಮಾತ್ರೆ ಸಿಕ್ಕಿತು. ತಲೆಗೆ ಸಂಬಂಧಪಟ್ಟದ್ದಂತೆ. ಶುರುವಾಯ್ತು ಅಂತಲೇ ಅರ್ಥ."

ಕೈಗವಸು ಬಿಚ್ಚುತ್ತಾ ಒಳಗೆ ಬಂದವಳ ಮುಖವನ್ನು ಇಂಜಿನಿಯರ್ ನೋಡಲಿಲ್ಲ. "ನಾಳೆಯಿಂದ ಸ್ಟೋರಿನಲ್ಲಿ ಕೂತ್ಕೊಳ್ಳಮ್ಮ. ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ."

ಹೆಂಗಸಿಗೆ ಕ್ರೇನೇ ಎಂದು ನಕ್ಕವರ ಮಧ್ಯೆ ಆರು ವರ್ಷ ಹಲ್ಲುಕಚ್ಚಿ ಗಳಿಸಿದ ಸೀಟು ಅದು. ಅವಳಿಗೆ ಮೈ ಉರಿದುಹೋಯಿತು.

"ರಕ್ತದಲ್ಲಿದೆ ಅಂತ ನನಗೂ ಗೊತ್ತು ಸಾರ್. ಅದಕ್ಕೇ ಅಣ್ಣ ತೀರಿಕೊಂಡ ತಿಂಗಳಲ್ಲೇ ಡಾಕ್ಟರ ಹತ್ರ ಹೋಗಿ ಒಂದನ್ನೂ ಮುಚ್ಚಿಡದೆ ಹೇಳಿದೆ. ಮೆದುಳಿನ ರಾಸಾಯನಿಕದ ಏರುಪೇರು ವಂಶದಲ್ಲಿ ಬರಬಹುದು, ಬಂದೇ ಬರುತ್ತೆ ಅಂತಿಲ್ಲ, ಬಂದ್ರೂ ಚಿಕಿತ್ಸೆ ಇದೆ ಅಂದ್ರು. ಎತ್ತರದ ಕೆಲಸ ಮಾಡಬಹುದು ಅಂತ ಅವರು ಬರೆದುಕೊಟ್ಟದ್ದು ನಿಮ್ಮ ಕಪಾಟಿನಲ್ಲೇ ಇದೆ. ನೀವು ಓದಿಲ್ಲ ಅಷ್ಟೇ." ಅತ್ತೆಯ ಕಡೆ ತಿರುಗಿದಳು. "ನನ್ನ ಚೀಲದಲ್ಲಿ ಮಾತ್ರೆ ಸಿಕ್ಕಿತು ಅಂತ ಹೆದರ್ತೀರಲ್ಲ ಅತ್ತೆ. ಅಪ್ಪನ ಚೀಲದಲ್ಲಿ ಸಿಗಲಿಲ್ಲ ಅಂತ ಅಳಬೇಕು ನಾವು!"

ಇಂಜಿನಿಯರ್ ಕಪಾಟು ತಡಕಾಡಿ ಕಾಗದ ತೆಗೆದರು. ಅದರ ಮೇಲಿನ ಧೂಳು ಒರೆಸುವಾಗ ಅವರಿಗೇ ನಾಚಿಕೆಯಾಯಿತು.

"ಬಿರುಗಾಳಿ ಬಂದ್ರೆ ನಾನೇನು ಮಾಡ್ತೀನಿ ಹೇಳಿ ಸಾರ್?"

"ಕೆಲಸ ನಿಲ್ಲಿಸ್ತೀಯ. ಬ್ರೇಕ್ ಸಡಿಲ ಬಿಟ್ಟು ಇಳಿದು ಬರ್ತೀಯ. ಗಾಳಿ ಬಂದ ಹಾಗೆ ಕ್ರೇನಿನ ತೋಳು ತಿರುಗಿಕೊಳ್ಳುತ್ತೆ."

"ಬಿಗಿಹಿಡಿದು ನಿಲ್ಲಿಸಿದ್ರೆ ಕ್ರೇನೇ ಉರುಳುತ್ತೆ. ನಮ್ಮ ಮನೆ ಗಂಡಸರು ಬಿಗಿಹಿಡಿದೇ ಹೋದ್ರು. ಹೋದ ತಿಂಗಳು ನೀವು ಅಷ್ಟು ಕೂಗಾಡಿದ್ರೂ ಗಾಳಿ ನೋಡಿ ನಾನು ಇಳಿದು ಬಂದವಳು. ನನ್ನನ್ನ ಸ್ಟೋರಿಗೆ ಹಾಕ್ತೀರಾ?"

ಇಂಜಿನಿಯರ್ ಕಾಗದವನ್ನು ಎರಡು ಸಲ ಓದಿದರು. "ಮೂರು ಗಂಟೆಗೆ ಕಾಂಕ್ರೀಟ್ ಬರುತ್ತೆ. ಹೋಗಮ್ಮ, ಕ್ರೇನ್ ಹತ್ತು."

ಅವಳು ಗೆದ್ದ ಹುರುಪಿನಲ್ಲಿ ಬಾಗಿಲು ದಾಟಿದ್ದಳು. ಹಿಂದಿನಿಂದ ಅತ್ತೆಯ ದನಿ ಬಂತು. ಅದರಲ್ಲಿ ಮೊದಲಿನ ಜೋರು ಇರಲಿಲ್ಲ.

"ಮಗೂ, ಆ ಔಷಧಿ ತಗೊಂಡ್ರೆ ನಿದ್ದೆ ಬರುತ್ತಾ?"

ಅವಳು ಅಲ್ಲೇ ನಿಂತಳು. ಅತ್ತೆಯೂ ಆ ತಾತನ ಮಗಳೇ. ಎಲ್ಲರನ್ನೂ ಕಾಯುತ್ತಿದ್ದವರನ್ನು ನೀವು ಹೇಗಿದ್ದೀರಿ ಎಂದು ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

"ಅತ್ತೆ, ನೀವು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

"ದಿನ ಅಲ್ಲ ಕಣೇ" ಎಂದರು ಅತ್ತೆ. ಕಣ್ಣು ನೆಲದ ಮೇಲಿತ್ತು.

ಅವಳು ಒಳಗೆ ಬಂದು ಅತ್ತೆಯ ಕೈ ಹಿಡಿದಳು. "ಸಾರ್, ಕಾಂಕ್ರೀಟಿಗೆ ಎರಡನೇ ಪಾಳಿಯವನನ್ನ ಕರೀರಿ. ನನಗೆ ಈಗಲೇ ರಜೆ ಬೇಕು."

"ಕಾರಣ ಏನಂತ ಬರ್ಕೊಳ್ಳಲಮ್ಮ?"

"ಇದ್ದದ್ದನ್ನೇ ಬರೀರಿ. ನಮ್ಮ ಮನೇಲಿ ಈ ಸಲ ಮೊದಲೇ ಗೊತ್ತಾಯ್ತು ಅಂತ."