ಅಂಗೈಯ ಅಂದಾಜು

ಔಷಧದ ಮಿಶ್ರಣವನ್ನು ಗಿರಗಿರನೆ ಕಲಕುತ್ತಿದ್ದ ಐದು ಸಾವಿರ ಲೀಟರಿನ ಉಕ್ಕಿನ ರಿಯಾಕ್ಟರಿಗೆ ಸಂಶೋಧಕಿ ಅಂಗೈ ಒತ್ತಿ ನಿಂತಳು. ಲ್ಯಾಬಿನಲ್ಲಿ ಒಂದು ಲೀಟರಿನ ಗಾಜಿನ ಫ್ಲಾಸ್ಕನ್ನು ಹೀಗೇ ಮುಟ್ಟಿ, ಒಳಗಿನ ಬಿಸಿ ಎಷ್ಟೆಂದು ಅವಳು ನೂರು ಸಲ ಸರಿಯಾಗಿ ಹೇಳಿದ್ದಳು.

"ತಣ್ಣಗಿದೆಯಲ್ಲ ಅಣ್ಣಾ! ಸುಮ್ನೆ ಓಡಿ ಬಂದು ಗಾಬರಿ ಹುಟ್ಟಿಸಿದ್ರಲ್ಲ."

"ತಣ್ಣಗಿರೋದು ಹೊರಗಿನ ಕವಚದಲ್ಲಿ ಸುತ್ತ ಹರಿಯೋ ನೀರು, ಮೇಡಂ. ಇಷ್ಟು ದೊಡ್ಡದ್ರಲ್ಲಿ ಒಳಗಿನ ಬಿಸಿ ಕೈಗೆ ಸಿಗಲ್ಲ, ಇಲ್ಲಿ ನೋಡಿ," ಎಂದರು ಹಿರಿಯ ಆಪರೇಟರ್. ಮಾಪಕದ ಮುಳ್ಳು ಎಂಬತ್ತು ಡಿಗ್ರಿ ದಾಟಿತ್ತು. ಅವಳ ಲೆಕ್ಕದಲ್ಲಿ ಅದು ನಲವತ್ತು ದಾಟುವಂತೆಯೇ ಇರಲಿಲ್ಲ.

ಅವಳು ಮಿಶ್ರಣಕ್ಕೆ ಆಸಿಡ್ ಬಿಡುವ ಕೊಳವೆಯತ್ತ ತಲೆಯೆತ್ತಿದಳು. "ಆಸಿಡ್ ನಿಲ್ಸಿ! ಮೊದ್ಲು ಆಸಿಡ್ ಬಿಡೋದು ನಿಲ್ಸಿ!"

"ನಿಲ್ಸಿ ಆಗ್ಲೇ ಹತ್ತು ನಿಮಿಷ ಆಯ್ತು, ಮೇಡಂ."

ಮುಳ್ಳು ಇನ್ನೊಂದು ಗೆರೆ ಮೇಲೇರಿತು. ಉಕ್ಕಿನ ಮೇಲಿದ್ದ ಅವಳ ಅಂಗೈ ಮಾತ್ರ ಇನ್ನೂ ತಣ್ಣಗೇ ಇತ್ತು.